ಬೆಣ್ಣೆಯವಳ ಜಾಗ

ಆಲ್ಡರ್‌ವಿಕ್ಕಿನ ಗುರುವಾರದ ಸಂತೆಯಲ್ಲಿ ನನ್ನ ಚೀಸ್ ಅಂಗಡಿಯ ಪಕ್ಕದ ಜಾಗವನ್ನು ಯಾರಿಗೂ ಕೊಡುವುದಿಲ್ಲ. ಹಿಂದೆ ಪ್ಲೇಗಿನಲ್ಲಿ ಸತ್ತ ಬೆಣ್ಣೆಯವಳಿಗೆ ಅದು ಇವತ್ತಿಗೂ ಮೀಸಲು. ಎಂಥ ಮಳೆಗೂ ಅಲ್ಲಿನ ಕಲ್ಲುಹಾಸು ನೆನೆಯುವುದಿಲ್ಲ. ಮೇಲೆ ಬರೀ ಆಕಾಶವಿದ್ದರೂ ಟಾರ್ಪಾಲಿನ ಮೇಲೆ ಹನಿ ಬಡಿಯುವ ಸದ್ದು ಕೇಳುತ್ತದೆ.

ಹೋದ ವಾರ ಜಾಗ ಸಾಲದೆ ನನ್ನದೊಂದು ಪೆಟ್ಟಿಗೆಯನ್ನು ಅಲ್ಲಿಟ್ಟೆ.

"ತೆಗಿಯಮ್ಮಾ ಹೆಟ್ಟಿ! ನೀನು ಅವಳ ಜಾಗಕ್ಕೆ ಹೋದ್ರೆ ಅವಳು ನಿನ್ನ ಜಾಗಕ್ಕೆ ಬರ್ತಾಳೆ," ಎಂದ ಎದುರಿನ ಮೀನಂಗಡಿಯ ಮುದುಕ ಥ್ಯಾಕ್ರೆ.

"ಬರ್ಲಿ ಬಿಡಣ್ಣಾ, ವ್ಯಾಪಾರಕ್ಕೊಂದು ಕೈ ಆಯ್ತು," ಎಂದು ನಕ್ಕೆ.

ಈ ಗುರುವಾರ ಜೋರು ಮಳೆ. ಸಂತೆ ಮುಗಿದ ಮೇಲೆ ಸುರಿಯುವ ಮಳೆಯಲ್ಲೇ ನನ್ನ ಟಾರ್ಪಾಲು ಬಿಚ್ಚಿ ಮಡಚಿದೆ. ಬೆಣ್ಣೆಯವಳ ಜಾಗದಲ್ಲಿ ಮೊದಲ ಸಲ ನೀರು ಹರಿಯುತ್ತಿತ್ತು. ಹನಿ ಬಡಿಯುವ ಸದ್ದು ನನ್ನ ತಲೆಯ ಮೇಲೆಯೇ ಕೇಳುತ್ತಿತ್ತು. ಕೂದಲು ಮುಟ್ಟಿ ನೋಡಿಕೊಂಡೆ. ಒಂದು ಹನಿಯೂ ಬಿದ್ದಿರಲಿಲ್ಲ.