ಮುತ್ತಜ್ಜ ತಂದ ಸ್ಟೂಲು

ರಿಚರ್ಡ್ಸ್ ಟೌನಿನ ನಮ್ಮ ಮನೆಯ ಮಹಡಿಯಲ್ಲಿ ಚೆಬೆಟ್ ಬಾಡಿಗೆಗಿದ್ದಳು. ಕೆನ್ಯಾದವಳು, ನರ್ಸಿಂಗ್ ಓದಲು ಬಂದವಳು. ಬಕ್ರೀದ್ ಮಧ್ಯಾಹ್ನ ಅವಳನ್ನು ಊಟಕ್ಕೆ ಕರೆದೆವು.

ಹಾಲ್‌ನ ಮೂಲೆಯಲ್ಲಿದ್ದ ಮೂರು ಕಾಲಿನ ಪುಟ್ಟ ಸ್ಟೂಲನ್ನು ಅಮ್ಮಿ ಅವಳಿಗೆ ತೋರಿಸಿದರು. "ನಮ್ಮ ಮುತ್ತಜ್ಜ ಬಿಳಿಯರ ಪಲ್ಟನ್ ಜೊತೆ ನಿಮ್ಮ ದೇಶಕ್ಕೆ ಹೋಗಿದ್ರು. ಗುಡಿಸಲಿಗೆಲ್ಲ ಬೆಂಕಿ ಹಚ್ಚಿ, ಗೆದ್ದು ತಂದಿದ್ದು," ಎಂದರು. ಅದನ್ನು ನಾನು ನಗುನಗುತ್ತಲೇ ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ.

ಚೆಬೆಟ್ ಬಗ್ಗಿ ಅದರ ಮೇಲೆ ಕೈಯಿಟ್ಟಳು. "ಈಗ ತಾನೆ ಯಾರು ಎದ್ದು ಹೋದ್ರು, ಸಾಮಿಯಾ? ಬೆಚ್ಚಗಿದೆ," ಎಂದು ನನ್ನತ್ತ ನೋಡಿದಳು.

ಯಾರೂ ಕೂತಿರಲಿಲ್ಲ. ನಾನೂ ಮುಟ್ಟಿದೆ. ಮಗುವೊಂದು ಕೂತು ಎದ್ದ ಹಾಗೆ ನಡುಭಾಗವಷ್ಟೇ ಬಿಸಿಯಾಗಿತ್ತು. ಬಿರಿಯಾನಿಯ ಘಮದ ನಡುವೆ ಒಣಹುಲ್ಲು ಸುಟ್ಟ ವಾಸನೆ ಬಂತು. ಆಮೇಲೆ ಆ ಮೂಲೆಯಿಂದ ಮಗುವಿನ ಪಿಸುದನಿ ಕೇಳಿಸಿತು. ನಮಗೆ ಅರ್ಥವಾಗಲಿಲ್ಲ, ಚೆಬೆಟ್‌ಗೆ ಆಯಿತು.

"ನಮ್ಮ ಭಾಷೆ," ಎಂದಳು. "'ಅಮ್ಮಾ, ಅವ್ರು ಹೋದ್ರಾ? ನಾನು ಆಚೆ ಬರ್ಲಾ?' ಅಂತ ಕೇಳ್ತಿದೆ. ಏನು ಹೇಳ್ಲಿ?"

ಅಮ್ಮಿ ದುಪಟ್ಟಾದಿಂದ ಮುಖ ಮುಚ್ಚಿಕೊಂಡರು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಮಗು ಹೆದರಿದ್ದ ಆ 'ಅವರು' ನಾವೇ.

ಚೆಬೆಟ್ ಊಟ ಮಾಡಲಿಲ್ಲ. ಸ್ಟೂಲನ್ನು ಎದೆಗವಚಿಕೊಂಡು ಮಹಡಿ ಹತ್ತಿದಳು. ರಜೆಯಲ್ಲಿ ಊರಿಗೆ ಹೋಗುವಾಗ ಅದನ್ನೂ ತೆಗೆದುಕೊಂಡು ಹೋದಳು.

ದನಿ ಮಾತ್ರ ಹೋಗಲಿಲ್ಲ. ಖಾಲಿ ಮೂಲೆಯಿಂದ ಊಟದ ಹೊತ್ತಿಗೆ ಅದೇ ಪ್ರಶ್ನೆ ಬರುತ್ತದೆ. ಮಗು ಇನ್ನೂ ಆಚೆ ಬಂದಿಲ್ಲ. ಅದು ಕೇಳಿದಾಗಲೆಲ್ಲ ನಾನೂ ಅಮ್ಮಿಯೂ ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದು, ಮನೆಯಲ್ಲಿ ಯಾರೂ ಇಲ್ಲವೇನೋ ಎಂಬಂತೆ ಸದ್ದಿಲ್ಲದೆ ಕೂರುತ್ತೇವೆ.