ಕೈಗೇ ಇಟ್ಟ ಸೀರೆ

ಓಂಕಾರಮೂರ್ತಿ ಆ ಸೀರೆಯನ್ನು ನೇರವಾಗಿ ಮಲ್ಲಿಕಾಂಬಳ ಕೈಗೇ ಇಟ್ಟುಬಿಟ್ಟರು.

ಅಜ್ಜಂಪುರದ ಹೆಣ್ಣುಮಕ್ಕಳ ಶಾಲೆಯ ಹಾಲ್‌ನಲ್ಲಿ ಚಪ್ಪಾಳೆ ಅರ್ಧಕ್ಕೇ ನಿಂತಿತು. ೧೯೮೨ರ ಜುಲೈ ಕೊನೆಯ ದಿನ, ನಿವೃತ್ತರಾದ ಮಲ್ಲಿಕಾಂಬ ಮೇಡಂಗೆ ಬೀಳ್ಕೊಡುಗೆ.

ಆಯಾ ಕರಿಬಸಮ್ಮನ ಬಾಯಿಗೆ ಬೀಗವೆಲ್ಲಿ? "ಅಯ್ಯೋ ಶಿವನೆ, ಸೀರುಡಿಕೆ ಆಗೋಯ್ತಲ್ಲ," ಎಂದೇಬಿಟ್ಟಳು. ಹೆಂಗಸರು ಸೆರಗು ಬಾಯಿಗೊತ್ತಿಕೊಂಡು ನಕ್ಕರು.

ಅವರ ಜನದಲ್ಲಿ, ಗಂಡ ಸತ್ತವಳಿಗೆ ಹೊರಗಿನ ಗಂಡಸು ಸೀರೆ ಕೊಡುವುದಾದರೆ ತಟ್ಟೆಯಲ್ಲಿಟ್ಟು ಮುತ್ತೈದೆಯ ಕೈಯಿಂದ ಕೊಡಿಸಬೇಕು. ತಾನೇ ಕೈಗಿಟ್ಟರೆ ಅದು ಸೀರುಡಿಕೆ. ಇವಳನ್ನು ಕಟ್ಟಿಕೊಳ್ಳುತ್ತೇನೆ ಎಂದು ನಾಲ್ಕು ಜನರೆದುರು ಹೇಳಿದ ಹಾಗೆ. ತರೀಕೆರೆಯಿಂದ ಅತಿಥಿಯಾಗಿ ಬಂದ ಈ ನಿವೃತ್ತ ಶಾಲಾ ಇನ್‌ಸ್ಪೆಕ್ಟರಿಗೆ, ಆಕೆ ವಿಧವೆ ಎಂದು ಯಾರೂ ಹೇಳಿರಲಿಲ್ಲ. ಅವರೂ ಹೆಂಡತಿಯನ್ನು ಕಳೆದುಕೊಂಡವರೇ. ಇನ್ನೇನು ಬೇಕು ಊರಿಗೆ?

ಮಲ್ಲಿಕಾಂಬಳ ಮುಖ ಉರಿಯಿತು. ಜನ ನಕ್ಕಿದ್ದಕ್ಕಲ್ಲ... ಆ ಕ್ಷಣ ತನ್ನ ಎದೆ ಝಲ್ಲೆಂದು ಖುಷಿಪಟ್ಟಿತಲ್ಲ, ಅದಕ್ಕೆ. ಐವತ್ತೈದು ತುಂಬಿದವಳಿಗೆ ಇದೆಂಥ ಹುಚ್ಚು!

ಮರುದಿನ ಓಂಕಾರಮೂರ್ತಿ ಅವಳ ಮನೆಗೇ ಬಂದರು. ಬೆರಳ ತುದಿಯಲ್ಲೆಲ್ಲ ಬಿಳಿ ಪೌಡರ್.

"ಕ್ಷಮಿಸಿ ಮೇಡಂ. ತಬಲಾ ಕ್ಲಾಸಿಂದ ಹಾಗೇ ಬಂದ್ಬಿಟ್ಟೆ."

"ಮಕ್ಕಳಿಗೆ ಹೇಳ್ಕೊಡ್ತೀರಾ?"

"ಇಲ್ಲ, ಕಲೀತಿದೀನಿ. ಐವತ್ತೇಳಕ್ಕೆ ಶುರು ಮಾಡಿದೀನಿ ಕಣ್ರೀ. ಕ್ಲಾಸಲ್ಲಿ ಎಲ್ರಿಗಿಂತ ದಡ್ಡ ನಾನೇ."

ಅವಳು ನಕ್ಕುಬಿಟ್ಟಳು. ಹೀಗೆ ನಕ್ಕು ಎಷ್ಟು ವರ್ಷವಾಗಿತ್ತೋ...

ಆದರೆ ಮುಂದಿನ ಮಾತು ಆ ನಗುವನ್ನು ಒರೆಸಿಹಾಕಿತು.

"ಆ ಸೀರೆ ಕೊಡಿ. ನಿಮಗೆ ಕೆಟ್ಟ ಹೆಸರು ಬರೋದು ಬೇಡ. ಯಾರಾದ್ರೂ ಮುತ್ತೈದೆ ಕೈಲಿ, ಪದ್ಧತಿ ಪ್ರಕಾರ ಕಳಿಸ್ತೀನಿ."

'ಅಷ್ಟು ಬೇಗ ಬಿಡಿಸ್ಕೋಬೇಕಾ ಇವರಿಗೆ?' ಅವಳು ಒಳಗಿಂದ ಸೀರೆ ತಂದುಕೊಟ್ಟಳು.

ವಾರವಾಯಿತು. ಸೀರೆ ಬರಲಿಲ್ಲ, ಸುದ್ದಿಯೂ ಇಲ್ಲ. ಗೇಟಿನ ಸದ್ದಾದಾಗಲೆಲ್ಲ ಅವಳು ಎದ್ದು ಹೋಗಿ ನೋಡುವುದು, ಬೈದುಕೊಂಡು ಬಂದು ಕೂರುವುದು. ಓದಲು ಹಿಡಿದ ಪುಸ್ತಕದ ಒಂದೇ ಪುಟ ಮೂರು ದಿನ ತೆರೆದಿತ್ತು.

ಕೊನೆಗೆ ಬಂದಿದ್ದು ಸಖರಾಯಪಟ್ಟಣದ ಅಣ್ಣ ಜಯದೇವಪ್ಪ.

"ಸಾಕು ನಡಿಯಮ್ಮ. ನಮ್ಮನೆ ಹಿಂದಿನ ರೂಮಿಗೆ ಸುಣ್ಣ ಹೊಡ್ಸಿದೀನಿ. ವಯಸ್ಸಾಯ್ತು, ಇನ್ನೇನಿದ್ರೂ ಪೂಜೆ ಮಾಡ್ಕಂಡು ತೆಪ್ಪಗಿದ್ಬಿಡು."

ಪಾಪ, ಪ್ರೀತಿಯಿಂದಲೇ ಹೇಳಿದ. ಅದೇ ಅವಳಿಗೆ ಹೆಚ್ಚು ಭಯ ಹುಟ್ಟಿಸಿತು. ಆ ರೂಮಿಗೆ ಹೋದರೆ ತಾನು ಮುದುಕಿಯಾಗುವುದಕ್ಕೆ ಒಪ್ಪಿಗೆ ಕೊಟ್ಟಂತೆ... ಆಮೇಲೆ ಅಲ್ಲಿಂದ ಏಳುವುದುಂಟೆ? ಆದರೂ ಇಲ್ಲವೆನ್ನಲಾಗದೆ ಟ್ರಂಕು ಕಟ್ಟಿ ಅವನ ಜೊತೆ ಹೊರಟಳು.

ಕಡೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಬಸ್ ಬದಲಿಸಬೇಕಿತ್ತು. ಅವಳಿಗೆ ಕೂರಲಾಗಲಿಲ್ಲ. ಬೆಂಚಿನಿಂದ ಅಂಗಡಿಗೆ, ಅಂಗಡಿಯಿಂದ ಬೆಂಚಿಗೆ ಓಡಾಡಿದಳು.

'ಅವರಿಗೆ ನಾನು ಬೇಡವೋ ಏನೋ. ಕೇಳಿದರೆ ಮರ್ಯಾದೆ ಹೋದೀತು. ಕೇಳದಿದ್ದರೆ...?'

ಸಖರಾಯಪಟ್ಟಣದ ಬಸ್ಸು ಬಂತು. ಜಯದೇವಪ್ಪ ಟ್ರಂಕು ಹತ್ತಿಸಿ, ತಾನೂ ಹತ್ತಿ ಸೀಟು ಹಿಡಿದ.

"ಅಣ್ಣ, ನೀನು ಹೋಗಿರು. ನಂಗೆ ತರೀಕೇರೇಲಿ ಒಂದು ಮಾತು ಕೇಳೋದಿದೆ."

"ಯಾರನ್ನೇ?"

ಅವಳು ಆಗಲೇ ತರೀಕೆರೆ ಬಸ್ಸಿನ ಮೆಟ್ಟಿಲ ಮೇಲಿದ್ದಳು.

ತರೀಕೆರೆಯಲ್ಲಿ ಮನೆ ಕೇಳಿಕೊಂಡು ಹೋದವಳಿಗೆ ಓಂಕಾರಮೂರ್ತಿಯವರೇ ಬಾಗಿಲು ತೆರೆದರು.

"ಸೀರೆ ಯಾಕೆ ಕಳಿಸ್ಲಿಲ್ಲ?" ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತೆಲ್ಲ ಮರೆತು, ಅವಳು ಜಗಳಕ್ಕೆ ಬಂದವಳಂತೆ ಕೇಳಿದಳು.

ಅವರು ತಲೆ ತಗ್ಗಿಸಿದರು. "ಮೂರು ಸಲ ತಟ್ಟೇಲಿ ಇಟ್ಟೆ. ಪಕ್ಕದ್ಮನೆ ತೀರ್ಥಮ್ಮನ್ನ ಕರೆದೂ ಬಿಟ್ಟಿದ್ದೆ... ಬೇರೆಯವರ ಕೈಲಿ ಕೊಡ್ಸಕ್ಕೆ ಮನಸ್ಸು ಬರ್ಲಿಲ್ಲ."

"ಅವತ್ತೇ ಹೇಳ್ಬಹುದಿತ್ತಲ್ಲ?"

"ಈ ವಯಸ್ಸಲ್ಲಿ ಇವ್ನಿಗೇನು ಬಂತು ಅಂದ್ಕೋತೀರೇನೋ ಅಂತ."

"ನಾನೂ ನನ್ನನ್ನ ಅದನ್ನೇ ಕೇಳ್ಕೊಂಡೆ, ಎಂಟು ದಿನ," ಎಂದಳು. ಕಣ್ಣು ತುಂಬಿತು. "ಉತ್ತರ ಸಿಗ್ಲಿಲ್ಲ. ಬಸ್ ಹತ್ತಿದೆ."

ಒಳಗೆ ಸ್ಟೌ ಮೇಲೆ ಹಾಲು ಉಕ್ಕಿ ಸೀದ ವಾಸನೆ ಬಂತು, ಯಾರೂ ಅತ್ತ ಹೋಗಲಿಲ್ಲ.

"ಅಣ್ಣ ಮುಂದಿನ ಬಸ್ಸಿಗೇ ಹುಡುಕ್ಕೊಂಡು ಬತ್ತಾನೆ, ಕೂಗಾಡ್ತಾನೆ," ಎಂದಳು. "ನಾನೇ ಹೇಳ್ತೀನಿ ಅವನಿಗೆ. ನೀವು ಪಕ್ಕದಲ್ಲಿ ನಿಂತಿದ್ರೆ ಸಾಕು."

"ನಿಂತಿರ್ತೀನಿ."

"ಎಷ್ಟು ಹೊತ್ತು?"

"ನೀವೇ ಕೂತ್ಕೊಳ್ಳಿ ಅನ್ನೋವರೆಗೂ."