ಹೆಬ್ಬೆರಳಿಗೆ ಅಂಟಿದ ಪಾಚಿ

ಲುವುಯೊನಿಗೆ ಅಪ್ಪನ ಕುಲದ ಹೆಸರು ಗೊತ್ತಿರಲಿಲ್ಲ. ದಕ್ಷಿಣ ಆಫ್ರಿಕಾದ ಪೂರ್ವ ಕೇಪ್‌ನ ನಮ್ಮೂರಿನ ಮ್ಯೂಸಿಯಂ ಶೆಡ್ಡಿಗೆ ಕೆಲಸಕ್ಕೆ ಸೇರಿದ ದಿನ ಎಲ್ಲರೂ ಕುಲ ಕೇಳಿದಾಗ ಅಮ್ಮನದ್ದನ್ನೇ ಹೇಳಿದ್ದ.

ಹೆದ್ದಾರಿ ಅಗೆದಾಗ ಎತ್ತಿ ತಂದ ಕಪ್ಪು ಪದರಗಲ್ಲನ್ನು ಚಾಕುವಿನಿಂದ ಸೀಳುವುದು ಅವನ ಕೆಲಸ. ಒಮ್ಮೊಮ್ಮೆ ಒಳಗೆ ಮೂವತ್ತಾರು ಕೋಟಿ ವರ್ಷ ಹಳೆಯ ಕಡಲಪಾಚಿ, ಬೆಳ್ಳಿ ದಾರದಂತೆ, ಎರಡೂ ಹೋಳುಗಳ ಮೇಲೆ ಮೂಡಿರುತ್ತಿತ್ತು. ಎರಡಕ್ಕೂ ಒಂದೇ ಸಂಖ್ಯೆ ಬರೆಯುವವಳು ಬುಲೆಲ್ವಾ. ಬೇಲೆ ಕುಲದವಳು, ಹಾಗಾಗಿ ಎಲ್ಲರ ಬಾಯಲ್ಲೂ ಮಾಂಬೇಲೆ.

"ಉಸಿರು ಬಿಗಿಹಿಡಿ ಮಾಂಬೇಲೆ, ಹಾರಿಹೋದೀತು."

"ಪಾಚಿನಾ, ನೀನಾ?" ಎಂದು ಅವಳು ಭೂತಗನ್ನಡಿಯನ್ನು ಕಲ್ಲಿನಿಂದ ಎತ್ತಿ ಅವನ ಮುಖಕ್ಕೆ ಹಿಡಿಯುತ್ತಿದ್ದಳು. "ಅಯ್ಯೋ, ಮೂಗು ನೋಡು!"

ಹೀಗೆ ಹನ್ನೊಂದು ತಿಂಗಳು. ಆಮೇಲೆ ಇಬ್ಬರ ಮದುವೆಯ ಮಾತೆದ್ದಾಗ ಅವಳಪ್ಪ ಹೇಳಿ ಕಳಿಸಿದರು: ವಧುದಕ್ಷಿಣೆಯ ಹಸುಗಳ ಮಾತಿಗೆ ಹುಡುಗನ ಅಪ್ಪನ ಕಡೆಯವರೇ ಬರಲಿ. ಲುವುಯೊ ಎಂದೂ ಕಾಣದ ಸೋದರತ್ತೆಯನ್ನು ಹುಡುಕಿಕೊಂಡು ಹೋದ.

ಸೋಮವಾರ ಬಂದವನು ಹೊಸ ಹೋಳೊಂದನ್ನು ಕೈಗೆತ್ತಿಕೊಂಡ.

"ಅತ್ತೆ ಸಿಕ್ಕಿದ್ರಾ?"

"ಸಿಕ್ಕಿದ್ರು. ಕೋಳಿ ಕೊಯ್ದು ಊಟ ಹಾಕಿದ್ರು. ಕುಲಾನೂ ಹೇಳಿದ್ರು."

"ಏನಂತೆ?"

"ಬೇಲೆ."

ಅವಳು ನಕ್ಕಳು. ಅವನು ನಗಲಿಲ್ಲ. ಒಂದೇ ಕುಲವೆಂದರೆ ಒಡಹುಟ್ಟಿದವರು. ಮದುವೆಯ ಮಾತೇ ಇಲ್ಲ.

"ಯಾರಿಗೆ ಗೊತ್ತಾಗುತ್ತೆ? ಅತ್ತೆ ಸಿಗಲಿಲ್ಲ ಅನ್ನು."

"ಮದುವೆ ದಿನ ಸತ್ತ ಹಿರಿಯರನ್ನ ಯಾವ ಕುಲದ ಹೆಸರಲ್ಲಿ ಕೂಗಲಿ?"

"ಅಮ್ಮನ ಕಡೆ ಹೆಸರಲ್ಲೇ! ಇಷ್ಟು ದಿನ ಕೂಗಿಲ್ವಾ?"

"ಆಗ ಗೊತ್ತಿರಲಿಲ್ಲ ಕಣೇ."

"ಯಾಕಾದ್ರೂ ಹೇಳ್ದೆ ನನಗೆ?"

"ನಿನ್ನಿಂದ ಮುಚ್ಚಿಟ್ಟು ಹ್ಯಾಗೆ ಮುಟ್ಟಲಿ ನಿನ್ನ?"

ಅವಳ ಕಣ್ಣು ಅವನ ಕೈಯಲ್ಲಿದ್ದ ಹೋಳಿನ ಮೇಲೆ ಬಿತ್ತು. "ಲುವುಯೊ, ಹೆಬ್ಬೆರಳು!"

ಅವನು ಬೆರಳೆತ್ತಿದ. ಮಾತಿನ ಭರದಲ್ಲಿ ಅದು ಪಾಚಿಯ ಮೇಲೇ ಊರಿತ್ತು. ಬೆಳ್ಳಿಯೆಲ್ಲ ಚರ್ಮಕ್ಕೆ ಅಂಟಿ, ಹೋಳಿನಲ್ಲಿ ಬರೀ ಕಪ್ಪು ಉಳಿದಿತ್ತು. ಹೊಸಬರು ಮಾಡುವ ತಪ್ಪು. ಅವನು ಎಂದೂ ಮಾಡಿರಲಿಲ್ಲ. ಅವಳು ಅವನ ಹೆಬ್ಬೆರಳನ್ನು ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಬಿಟ್ಟಳು.

ರಿಜಿಸ್ಟರ್ ತೆರೆದು ಹಾಳಾದ ಹೋಳಿನ ಸಾಲನ್ನು ಗೀಟೆಳೆದು ಹೊಡೆದುಹಾಕಿದಳು.

"ಕೈ ತೊಳ್ಕೊಂಡು ಬಾ, ಅಣ್ಣ," ಅಂದಳು.

ಹೋದದ್ದು ಹೆಬ್ಬೆರಳಗಲದ ಪಾಚಿ, ಹನ್ನೊಂದು ತಿಂಗಳು, ಒಂದು ಮದುವೆ.